ಕೆರೆ, ಕಾಡು, ಕಡಲತೀರ: ವನ್ಯಜೀವಿ ಎಣಿಕೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಕ್ಕಿ ಎಣಿಕೆ, ಪ್ರಾಣಿ ಎಣಿಕೆ ಅಂತ ಕರ್ನಾಟಕದಲ್ಲಿ ಓಡಾಡಲು ಶುರು ಮಾಡಿ ಬಹಳ ವರ್ಷ ಆಯಿತು. ಎಣಿಕೆ ಮುಗಿಸಿ ಚಹಾ ಅಂಗಡಿ ಮುಂದೆ ನಿಂತಾಗ, ಫೋನಿನಲ್ಲಿ, ಪತ್ರಗಳಲ್ಲಿ ಜನ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಬರೆದಿದ್ದೇನೆ. ಮೊದಲಿನವು ಹೊಸಬರಿಗೆ, ಕೊನೆಯವು ಸ್ವಲ್ಪ ಪಳಗಿದವರಿಗೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಸಾಕು.

## ಶುರು ಮಾಡುವ ಮುಂಚೆ

ನಾನು ಸೈನ್ಸ್ ಓದಿಲ್ಲ, ಬ್ಯಾಂಕಿನಲ್ಲಿ ಕೆಲಸ. ನನ್ನಂಥವರಿಂದ ಏನಾದರೂ ಉಪಯೋಗ ಆಗುತ್ತಾ?

ಖಂಡಿತ ಆಗುತ್ತದೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ಬಗ್ಗೆ ಒಂದು ದೊಡ್ಡ ವರದಿ ಬಂತು. 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ಅದಕ್ಕೆ ಬೇಕಾದ ಮಾಹಿತಿ ಕೊಟ್ಟವರು ಸುಮಾರು 30 ಸಾವಿರ ಹಕ್ಕಿ ವೀಕ್ಷಕರು, ಅವರು ದಾಖಲಿಸಿದ್ದು 3 ಕೋಟಿ ವೀಕ್ಷಣೆಗಳು. ಇವರಲ್ಲಿ ಬಹಳಷ್ಟು ಜನ ವಿಜ್ಞಾನಿಗಳಲ್ಲ. ಮೇಷ್ಟ್ರು, ಡಾಕ್ಟ್ರು, ಅಂಗಡಿ ಇಟ್ಟವರು, ಕಾಲೇಜು ಹುಡುಗರು. ಅಷ್ಟು ಊರು, ಅಷ್ಟು ಕೆರೆ, ಅಷ್ಟು ಬೆಳಗುಗಳನ್ನು ನೋಡುವಷ್ಟು ವಿಜ್ಞಾನಿಗಳು ಯಾವ ದೇಶದಲ್ಲೂ ಇಲ್ಲ.

ಬೇಕಾದ ಗುಣ ಎರಡೇ. ಬೆಳಿಗ್ಗೆ ಬೇಗ ಏಳುವುದು, ಕಂಡದ್ದನ್ನು ಕಂಡಷ್ಟೇ ಬರೆಯುವುದು. ಎರಡನೆಯದು ಕಷ್ಟ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ನಮ್ಮೂರಲ್ಲಿ ಕಾಡೇ ಇಲ್ಲ. ಒಂದು ಕೆರೆ ಬಿಟ್ಟರೆ ಏನೂ ಇಲ್ಲ. ಇಲ್ಲಿ ಕೂತು ಏನು ಮಾಡೋದು?

ಕೆರೆ ಇದೆಯಲ್ಲ, ಇನ್ನೇನು ಬೇಕು! ಬಂಡೀಪುರ, ನಾಗರಹೊಳೆಯಲ್ಲಿ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಬಯಲುಸೀಮೆಯ ಸಾವಿರಾರು ಕೆರೆಗಳಲ್ಲಿ ಒಂದೇ ಒಂದು ಸಲವೂ ಯಾರೂ ಹಕ್ಕಿ ಎಣಿಸಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ಮೊದಲು ಸುತ್ತಲ ಊರಿನವರಿಗೆ ಮಾತ್ರ ಗೊತ್ತಿದ್ದ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆ ತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಜನ ಬಂದು ನೋಡಿ, ಎಣಿಸಿ, ಬರೆದಿಟ್ಟರು. 2024ರಲ್ಲಿ ಅದು ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲ, ಕೆರೆಗಳ ಪಟ್ಟಿ ಸೇರಿತು. ಅದೇ ಸಲ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿತು. ಅದು ನೀರಾವರಿಗೆ ಅಂತ ಕಟ್ಟಿದ ಕೆರೆ.

ನನ್ನ ಮಾತು ಕೇಳುವುದಾದರೆ, ಮೊದಲ ವರ್ಷ ಮನೆಯಿಂದ ನಡೆದು ಹೋಗುವಷ್ಟು ದೂರದ ಜಾಗ ಆರಿಸಿಕೊಳ್ಳಿ. ದೂರದ ಕಾಡಿಗೆ ವರ್ಷಕ್ಕೆ ಎರಡು ಸಲ ಹೋಗಬಹುದು. ಪಕ್ಕದ ಕೆರೆಗೆ ಐವತ್ತು ಸಲ ಹೋಗಬಹುದು. ಒಂದೇ ಜಾಗವನ್ನು ಐವತ್ತು ಸಲ ನೋಡಿದ ಲೆಕ್ಕಕ್ಕೆ ಬರುವ ಬೆಲೆಯೇ ಬೇರೆ.

ಹಕ್ಕಿ ಹೆಸರೇ ಗೊತ್ತಿಲ್ಲ. ಗುಬ್ಬಿ, ಕಾಗೆ, ಗಿಳಿ, ಅಷ್ಟೇ. ಬಂದರೆ ಮುಜುಗರ ಆಗಲ್ವಾ?

ಎಲ್ಲರೂ ಅಲ್ಲಿಂದಲೇ ಶುರು ಮಾಡಿದವರು. ಒಂದು ವಾರಕ್ಕೆ ಒಂದು ಹಕ್ಕಿ ಕಲಿಯಿರಿ. ಮೊದಲು ಮನೆ ಸುತ್ತ ಇರುವವು: ಪಿಕಳಾರ, ಗೊರವಂಕ, ಮಡಿವಾಳ, ಸೂರಕ್ಕಿ, ಕೆಂಬೂತ, ಕಾಜಾಣ. ಆಮೇಲೆ ನೀರಿನ ಹತ್ತಿರದವು: ಮಿಂಚುಳ್ಳಿ, ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ಹಾವಕ್ಕಿ. ಇಷ್ಟು ಬಂದರೆ ಯಾವ ಕೆರೆಯಲ್ಲಿ ನಿಂತರೂ ಅರ್ಧ ಹಕ್ಕಿ ನಿಮಗೆ ಗೊತ್ತಿರುತ್ತವೆ.

ಮೊಬೈಲಿನಲ್ಲಿ ಮರ್ಲಿನ್ ಅನ್ನುವ ಆ್ಯಪ್ ಇದೆ, ದುಡ್ಡಿಲ್ಲ. ಹಕ್ಕಿ ಕೂಗು ಕೇಳಿಸಿದರೆ ಇದು ಇಂಥದ್ದಿರಬಹುದು ಅನ್ನುತ್ತದೆ. ಕಲಿಯಲು ತುಂಬಾ ಒಳ್ಳೆಯದು. ಆದರೆ ಅದು ಹೇಳಿತು ಅಂತ ಪಟ್ಟಿಗೆ ಸೇರಿಸಬೇಡಿ. ಕಣ್ಣಲ್ಲಿ ನೋಡಿ ಅಥವಾ ಕಿವಿಯಲ್ಲಿ ಕೇಳಿ, ಹೌದು ಅಂತ ನಿಮಗೇ ಅನ್ನಿಸಿದ ಮೇಲೆ ಬರೆಯಿರಿ. ಹಕ್ಕಿಯ ಹೆಸರು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ ಅನ್ನುವುದೂ ನೆನಪಿರಲಿ. ನಿಮ್ಮ ಅಜ್ಜಿ ಹೇಳುವ ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ ಅದನ್ನು ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ, ಬಿಡಬೇಡಿ.

ಸೇರೋಕೆ ದುಡ್ಡು ಕಟ್ಟಬೇಕಾ? ಒಬ್ಬರು 15 ಸಾವಿರ ಕೇಳ್ತಿದ್ದಾರೆ.

ಹಕ್ಕಿ ಎಣಿಕೆ, ಚಿಟ್ಟೆ ಎಣಿಕೆ, ಮರ ನೋಡುವ ಕೆಲಸ, ಇವಕ್ಕೆಲ್ಲ ಒಂದು ಪೈಸೆ ಬೇಡ. ಕಾಡಿನೊಳಗೆ ನಡೆಯುವ ಸಮೀಕ್ಷೆಗಳಲ್ಲಿ ಊಟ, ವಸತಿ ಖರ್ಚಿಗೆ ಅಂತ ಸ್ವಲ್ಪ ತೆಗೆದುಕೊಳ್ಳುವುದು ಉಂಟು, ಅದು ನ್ಯಾಯವಾದದ್ದೇ. ಅದಕ್ಕಿಂತ ಜಾಸ್ತಿ ಕೇಳಿದರೆ ಮೂರು ಪ್ರಶ್ನೆ ಕೇಳಿ. ನಾವು ಸಂಗ್ರಹಿಸುವ ಮಾಹಿತಿ ಯಾರಿಗೆ ಹೋಗುತ್ತೆ? ಅರಣ್ಯ ಇಲಾಖೆ ಅನುಮತಿ ಪತ್ರ ಇದೆಯಾ? ಕಳೆದ ವರ್ಷದ ವರದಿ ತೋರಿಸ್ತೀರಾ?

ಶುರುವಿನ ದಿನಗಳಲ್ಲಿ ನಾನು ಹೀಗೆ ದುಡ್ಡು ಕಟ್ಟಿ ಒಂದು ಶಿಬಿರಕ್ಕೆ ಹೋಗಿದ್ದೆ. ಮೂರು ದಿನ ಜೀಪಿನಲ್ಲಿ ಸುತ್ತಾಡಿಸಿದರು, ಸಂಜೆ ಬೆಂಕಿ ಹಾಕಿ ಹಾಡು ಹೇಳಿಸಿದರು, ಕೊನೆಗೆ ಸ್ವಯಂಸೇವಕ ಅಂತ ಪ್ರಮಾಣಪತ್ರ ಕೊಟ್ಟರು. ಒಂದು ಸಾಲೂ ಯಾರೂ ಬರೆದುಕೊಳ್ಳಲಿಲ್ಲ. ಬೇಸರ ದುಡ್ಡಿಗಲ್ಲ. ಮೂರು ದಿನ ಅಷ್ಟು ಜನರ ಕಣ್ಣು ಅಲ್ಲಿತ್ತು, ಅದು ದಂಡವಾಯಿತಲ್ಲ ಅಂತ.

ಬೈನಾಕ್ಯುಲರ್ ಇಲ್ಲದೆ ಆಗಲ್ವಾ?

ಮೊದಲ ಆರು ತಿಂಗಳು ಬೇಡ. ಆಮೇಲೂ ಆಸೆ ಉಳಿದಿದ್ದರೆ 8x42 ಅಳತೆಯದ್ದು (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿಲಿಮೀಟರ್ ಅಗಲದ ಗಾಜಿನದ್ದು) ಕೊಳ್ಳಿ. ದೊಡ್ಡ ಕ್ಯಾಮೆರಾ ಬೇಡವೇ ಬೇಡ ಅನ್ನುತ್ತೇನೆ, ಯಾಕೆಂದರೆ ಕ್ಯಾಮೆರಾ ಹಿಡಿದವರು ಚಂದದ ಒಂದು ಹಕ್ಕಿಯ ಹಿಂದೆ ಹೋಗಿ ಉಳಿದ ನಲವತ್ತನ್ನು ಎಣಿಸುವುದು ಮರೆಯುತ್ತಾರೆ.

ಮಗಳಿಗೆ 11 ವರ್ಷ. ಅವಳಿಗೆ ಏನಾದರೂ ಇದೆಯಾ?

ಮರ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. ಮನೆ ಅಥವಾ ಶಾಲೆ ಹತ್ತಿರದ ಒಂದು ಮಾವು, ಹುಣಸೆ, ಹಲಸು, ಹೊಂಗೆ, ಯಾವುದಾದರೂ ಒಂದು ಮರ ಆರಿಸಿಕೊಂಡು ವಾರಕ್ಕೊಂದು ಸಲ ನೋಡುವುದು. ಚಿಗುರು ಇದೆಯಾ, ಹೂವು ಬಂತಾ, ಕಾಯಿ ಎಷ್ಟು, ಹಣ್ಣಾಯಿತಾ. ಐದು ನಿಮಿಷದ ಕೆಲಸ. ಹೊಂಗೆ ಯಾವಾಗ ಚಿಗುರುತ್ತದೆ, ಯಾವಾಗ ಹೂ ಬಿಡುತ್ತದೆ ಅನ್ನುವುದು ನಮ್ಮ ಹಿರಿಯರಿಗೆ ಬಾಯಲ್ಲೇ ಇತ್ತು. ಈಗ ಹವಾಮಾನ ಬದಲಾಗುತ್ತಿರುವಾಗ ಅದು ಬರಹದಲ್ಲಿ ಬೇಕಾಗಿದೆ. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ, ಯಾಕೆಂದರೆ ಆ ಮರ ಅವರದ್ದಾಗಿಬಿಡುತ್ತದೆ. ಒಬ್ಬ ಹುಡುಗಿ ಬೇಸಿಗೆ ರಜಕ್ಕೆ ಅಜ್ಜಿ ಮನೆಗೆ ಹೊರಟಾಗ ತನ್ನ ಹುಣಸೆ ಮರವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿದ್ದಳು!

## ಮೊದಲ ವರ್ಷದಲ್ಲಿ ಬರುವ ಪ್ರಶ್ನೆಗಳು

ವರ್ಷದಲ್ಲಿ ಯಾವಾಗ ಏನು ನಡೆಯುತ್ತೆ ಅಂತ ಒಂದೇ ಕಡೆ ಹೇಳಿ.

ಜನವರಿಯಲ್ಲಿ ಏಷ್ಯಾ ನೀರುಹಕ್ಕಿ ಗಣತಿ. 1987ರಿಂದ ನಡೆಯುತ್ತಿದೆ, ಕೆರೆ ಇರುವ ಯಾರು ಬೇಕಾದರೂ ಸೇರಬಹುದು. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ, ಜಗತ್ತೆಲ್ಲ ಒಟ್ಟಿಗೆ ಮಾಡುತ್ತದೆ. ಕನಿಷ್ಠ 15 ನಿಮಿಷ ನಿಂತು ಕಂಡ, ಕೇಳಿದ ಎಲ್ಲ ಹಕ್ಕಿ ಬರೆಯಬೇಕು, ಅಷ್ಟೇ ನಿಯಮ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಮೇ ತಿಂಗಳಲ್ಲಿ ನಮ್ಮ ನೆಲದಲ್ಲಿ ಮಾತ್ರ ಸಿಗುವ ಹಕ್ಕಿಗಳಿಗೆ ಅಂತ ಒಂದು ದಿನ ಇದೆ. ಜುಲೈಯಲ್ಲಿ ಪತಂಗ ಸಪ್ತಾಹ: ರಾತ್ರಿ ಒಂದು ಬಿಳಿ ಬಟ್ಟೆ ಕಟ್ಟಿ, ದೀಪ ಹಾಕಿ, ಬಂದು ಕೂತವನ್ನು ನೋಡುವುದು. ಮಹಡಿ ಮೇಲೂ ಮಾಡಬಹುದು. ಸೆಪ್ಟೆಂಬರ್ ಪೂರ್ತಿ ಚಿಟ್ಟೆ ತಿಂಗಳು.

ಮಳೆಗಾಲ ಬಂದರೆ ಮಲೆನಾಡಿನಲ್ಲಿ ಕಪ್ಪೆ. ರಾತ್ರಿ ಹಳ್ಳದ ಬದಿಯಲ್ಲಿ ಕೂತು ಕೂಗು ಕೇಳಿ ಗುರುತಿಸುವ ಕೆಲಸ. ಉತ್ತರ ಕನ್ನಡದ ಕತ್ತಲೆಕಾನಿನ ಕಡೆ ಕುಂಬಾರ ಕಪ್ಪೆ ಅಂತ ಒಂದಿದೆ, 2014ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಸೇರಿದ್ದು. ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಮುಂಗೈಯಿಂದ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಥೇಟ್ ಮಡಕೆ ಮೆತ್ತಿದ ಹಾಗೆ. ಇಂಥದ್ದು ನಮ್ಮ ಕಾಲದಲ್ಲಿ, ನಮ್ಮ ರಾಜ್ಯದಲ್ಲಿ, ಒಂದು ಸಣ್ಣ ಹಳ್ಳದಲ್ಲಿ ಪತ್ತೆಯಾಯಿತು ಅಂದರೆ ಇನ್ನೂ ಏನೇನು ನೋಡಲು ಬಾಕಿ ಇದೆಯೋ ಅನ್ನಿಸುತ್ತದೆ, ಅಲ್ವಾ?

ಎಣಿಕೆ ದಿನ ನಿಜಕ್ಕೂ ಹೇಗಿರುತ್ತೆ? ಸ್ವಲ್ಪ ಬಿಡಿಸಿ ಹೇಳಿ.

ಒಂದು ಜನವರಿ ಬೆಳಗು ಹೇಳುತ್ತೇನೆ. ತುಮಕೂರು ಕಡೆಯ ಒಂದು ಕೆರೆ. ಆರು ಗಂಟೆಗೆ ಏರಿ ಮೇಲೆ ನಾವು ಮೂವರು. ಮಂಜು ಎಷ್ಟಿತ್ತೆಂದರೆ ತೂಬಿನ ಕಲ್ಲು ಕಾಣುತ್ತಿತ್ತು, ಅದರಾಚೆ ನೀರು ಕಾಣುತ್ತಿರಲಿಲ್ಲ. ಆದರೆ ಸದ್ದು ಕೇಳುತ್ತಿತ್ತು. ನಾಮದ ಕೋಳಿಗಳ ಗದ್ದಲ, ಮಧ್ಯೆ ಎಲ್ಲೋ ಒಂದು ಬಾತು. ಕೂತು ಕಾದೆವು. ಏಳೂವರೆಗೆ ಮಂಜು ಎದ್ದಾಗ ನೀರಿನ ಮೇಲೆ ಕರಿ ಚುಕ್ಕೆ ಚೆಲ್ಲಿದ ಹಾಗೆ ಹಕ್ಕಿಗಳು.

ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ಅಳತೆ ಮಾಡಿಕೊಂಡು, ಹತ್ತು ಹತ್ತಾಗಿ ಎಡದಿಂದ ಬಲಕ್ಕೆ ಹೋಗಬೇಕು. ನಾನು 280 ತಲುಪಿದ್ದೆ. ಆಗ ಸೆಳೆವ (ಹ್ಯಾರಿಯರ್) ಅನ್ನುವ ಒಂದು ಬೇಟೆ ಹಕ್ಕಿ ಆಪು ಹುಲ್ಲಿನ ಮೇಲಿಂದ ತೇಲಿ ಬಂತು. ಕೆರೆಗೆ ಕೆರೆಯೇ ಎದ್ದು ಒಂದು ಸುತ್ತು ಹೊಡೆದು ಬೇರೆ ಕಡೆ ಕೂತಿತು. ಮತ್ತೆ ಒಂದರಿಂದ ಶುರು.

ಎರಡನೇ ಸಲ ನನಗೆ 410, ಪಕ್ಕದವರಿಗೆ 340. ಇಬ್ಬರೂ ಪರಸ್ಪರ ಹೇಳದೆ ಮೊದಲು ಪುಸ್ತಕದಲ್ಲಿ ಬರೆದುಕೊಂಡೆವು, ಆಮೇಲೆ ಹೋಲಿಸಿ ನೋಡಿದೆವು. ಇದು ಬಹಳ ಮುಖ್ಯ. ಒಬ್ಬರು ಜೋರಾಗಿ ನಾನೂರು ಅಂದುಬಿಟ್ಟರೆ ಉಳಿದವರ ಕಣ್ಣಿಗೂ ನಾನೂರೇ ಕಾಣುತ್ತದೆ. ಮೂರನೇ ಸಲ ಇಬ್ಬರೂ ಎಣಿಸಿದಾಗ 370ರ ಹತ್ತಿರ ಬಂತು, ಅದನ್ನೇ ಬರೆದೆವು. ಎಮ್ಮೆ ಹೊಡೆದುಕೊಂಡು ಬಂದ ಅಜ್ಜ ನಮ್ಮನ್ನು ನೋಡಿ, ಕೋಡಿ ಬಿದ್ದ ವರ್ಷ ಇದರ ಎರಡರಷ್ಟು ಇದ್ದವು ಅಂದರು. ಅದನ್ನೂ ಬರೆದುಕೊಂಡೆವು, ಆದರೆ ಬೇರೆ ಪುಟದಲ್ಲಿ.

ಒಂಬತ್ತೂವರೆಗೆ ಮುಗಿಯಿತು. ಇಡ್ಲಿ ತಿಂದು ಮನೆಗೆ.

ಎರಡು ಗಂಟೆ ಕೂತೆ, ಹೇಳಿಕೊಳ್ಳುವಂಥದ್ದು ಏನೂ ಬರಲಿಲ್ಲ. ಅಂಥ ದಿನವೂ ಬರೀಬೇಕಾ?

ಅಂಥ ದಿನ ತಪ್ಪದೇ ಬರೆಯಬೇಕು. ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕು ಅನ್ನಿಸುವ ಮಾತು ಇದೇ. ಜನ ಅಪರೂಪದ್ದು ಕಂಡಾಗ ಮಾತ್ರ ಬರೆದರೆ, ಆ ಹಕ್ಕಿ ಎಲ್ಲ ಕಡೆ, ಎಲ್ಲ ದಿನ ಇದೆ ಅನ್ನುವ ಸುಳ್ಳು ಚಿತ್ರ ಬರುತ್ತದೆ. ಹುಡುಕಿದೆ, ಸಿಗಲಿಲ್ಲ ಅನ್ನುವುದೂ ಮಾಹಿತಿ. ಕಂಡ ಹಕ್ಕಿಗಳನ್ನು ದಾಖಲಿಸುವ ಈಬರ್ಡ್ ಅನ್ನುವ ಜಾಲತಾಣದಲ್ಲಿ ಪಟ್ಟಿ ಹಾಕುವಾಗ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಅಂತ ಒಂದು ಪ್ರಶ್ನೆ ಬರುತ್ತದೆ. ಹೌದು ಅಂತ ನೀವು ಒತ್ತಿದರೆ, ಪಟ್ಟಿಯಲ್ಲಿ ಇಲ್ಲದ್ದು ನಿಮಗೆ ಕಾಣಲಿಲ್ಲ ಅಂತ ಅರ್ಥ. ಕಾಗೆ ಬರೆಯಲು ನಾಚಿಕೆ ಅಂತ ಬಿಟ್ಟರೆ, ಆ ದಿನ ಆ ಊರಲ್ಲಿ ಕಾಗೆಯೇ ಇರಲಿಲ್ಲ ಅಂತ ದಾಖಲಾಗುತ್ತದೆ!

ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ ಅನ್ನುವುದನ್ನೂ ಸರಿಯಾಗಿ ಹಾಕಿ. ಅರ್ಧ ಗಂಟೆಯಲ್ಲಿ ಕಂಡ ಹತ್ತಕ್ಕೂ ನಾಲ್ಕು ಗಂಟೆಯಲ್ಲಿ ಕಂಡ ಹತ್ತಕ್ಕೂ ಅರ್ಥ ಬೇರೆ.

ಹುಲಿ ಗಣತಿಗೆ ಸೇರೋದು ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ. ಹುಲಿ ಗಣತಿ 2006ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಮೊದಲ ಹಂತದಲ್ಲಿ ಅರಣ್ಯ ಸಿಬ್ಬಂದಿ ಬೀಟ್‌ಬೀಟ್ (ಒಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ತುಂಡು) ನಡೆದು ಹೆಜ್ಜೆ, ಹಿಕ್ಕೆ, ಗೀರಿದ ಗುರುತು ದಾಖಲಿಸುತ್ತಾರೆ. ಆಮೇಲೆ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಮುಂದೆ ಹಾದಾಗ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾ. ಪ್ರತಿ ಹುಲಿಯ ಪಟ್ಟೆ ಬೇರೆ ಬೇರೆ, ನಮ್ಮ ಬೆರಳಚ್ಚಿನ ಹಾಗೆ, ಅದರಿಂದ ಒಂದೊಂದನ್ನೂ ಗುರುತಿಸುತ್ತಾರೆ. 2022ರ ಲೆಕ್ಕದಲ್ಲಿ ಕರ್ನಾಟಕಕ್ಕೆ 563 ಹುಲಿ ಬಂತು.

ಮುಖ್ಯ ಕೆಲಸ ಸಿಬ್ಬಂದಿಯದ್ದು. ಹೊರಗಿನವರನ್ನು ಕರೆಯುವುದು, ಬಿಡುವುದು ಇಲಾಖೆಯ ನಿರ್ಧಾರ, ಎಲ್ಲ ಕಡೆ ಎಲ್ಲ ಸಲ ಕರೆಯುವುದಿಲ್ಲ. ಕರೆದಾಗಲೂ ನೀವು ಗಾರ್ಡ್ ಮತ್ತು ವಾಚರ್ ಜೊತೆ ನಡೆಯುವ ಸಹಾಯಕರು ಅಷ್ಟೇ. ಹುಲಿ ಕಾಣುತ್ತದೆ ಅಂತ ಹೋಗಬೇಡಿ. ಬಹಳ ಜನಕ್ಕೆ ಒಂದು ವಾರದಲ್ಲಿ ಕಾಣುವುದು ಹಿಕ್ಕೆ ಮಾತ್ರ. ಆದರೆ ಒಬ್ಬ ಒಳ್ಳೆಯ ವಾಚರ್ ಆ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ, ಇದು ಕಡವೆ ಕೂದಲು, ನಿನ್ನೆ ರಾತ್ರಿಯದ್ದು ಅಂತ ಹೇಳುವುದನ್ನು ನೋಡಿದರೆ ಹುಲಿ ನೋಡಿದಷ್ಟೇ ಸಂತೋಷ ಆಗುತ್ತದೆ. ಕಾಡಿನೊಳಗಿನ ಕೆಲಸವೇ ಬೇಕು ಅನ್ನುವವರು ಇಲಾಖೆಯವರು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಂಥ ಕಡೆ ನಡೆಸುವ ಹಕ್ಕಿ ಸಮೀಕ್ಷೆಗಳ ಪ್ರಕಟಣೆ ನೋಡುತ್ತಿರಿ. ಈಬರ್ಡ್‌ನಲ್ಲಿ ಒಂದಷ್ಟು ಪಟ್ಟಿ ಹಾಕಿದ ಅನುಭವ ಇದ್ದರೆ ಆಯ್ಕೆಗೆ ಸಹಾಯ ಆಗುತ್ತದೆ.

ಆನೆ ಲೆಕ್ಕ ಒಂದೊಂದು ಸಲ ಒಂದೊಂದು ಹೇಳ್ತಾರೆ. ಯಾವುದು ನಿಜ?

2023ರ ಮೇ 17ರಿಂದ 19ರವರೆಗೆ ದಕ್ಷಿಣದ ರಾಜ್ಯಗಳು ಒಟ್ಟಿಗೆ ಎಣಿಸಿದವು. ಮೊದಲ ದಿನ ಕಾಡನ್ನು ಸಣ್ಣ ಬ್ಲಾಕ್ ಮಾಡಿ ನೇರವಾಗಿ ಕಂಡ ಆನೆ, ಎರಡನೇ ದಿನ ಗೆರೆ ಹಿಡಿದು ನಡೆದು ಲದ್ದಿ, ಮೂರನೇ ದಿನ ನೀರಿನ ಗುಂಡಿ ಹತ್ತಿರ ಕಾದು ಗುಂಪಿನಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು. ಕರ್ನಾಟಕಕ್ಕೆ 6,395 ಬಂತು. 2025ರಲ್ಲಿ ಲದ್ದಿಯ ಡಿಎನ್‌ಎ ಆಧರಿಸಿದ ರಾಷ್ಟ್ರೀಯ ವರದಿ ಬಂದಾಗ ನಮ್ಮ ರಾಜ್ಯಕ್ಕೆ 6,013. ಅಂದರೆ 382 ಆನೆ ಸತ್ತು ಹೋದವು ಅಂತ ಅರ್ಥ ಅಲ್ಲ. ಎರಡೂ ಅಂದಾಜು, ವಿಧಾನ ಬೇರೆ. ಒಂದೇ ವಿಧಾನದಲ್ಲಿ ಮತ್ತೆ ಮತ್ತೆ ಮಾಡಿದಾಗ ಬರುವ ಏರಿಳಿತವನ್ನು ಮಾತ್ರ ಹೋಲಿಸಬೇಕು.

## ಜೀವ, ಕಾನೂನು, ಎಚ್ಚರಿಕೆ

ಕಾಡಿನಲ್ಲಿ ನಡೆಯುವಾಗ ಆನೆ ಎದುರಾದರೆ?

ಮುಂದೆ ನಡೆಯುವ ವಾಚರ್ ಏನು ಹೇಳುತ್ತಾರೋ ಅದನ್ನು ಮಾಡಿ. ಬೇರೆ ಉತ್ತರ ಇಲ್ಲ. ಅವರು ನಿಂತರೆ ನಿಲ್ಲಿ, ಹಿಂದೆ ಸರಿ ಅಂದರೆ ಸರಿಯಿರಿ, ಓಡು ಅಂದರೆ ಬ್ಯಾಗ್ ಬಿಸಾಕಿ ಓಡಿ. ಸೆಂಟು, ಹೊಳೆಯುವ ಬಟ್ಟೆ, ಮೊಬೈಲ್ ರಿಂಗು ಯಾವುದೂ ಬೇಡ. ನಮ್ಮಿಂದ ಅವರ ಜೀವಕ್ಕೆ ತೊಂದರೆ ಬರಬಾರದು. ನಾವು ಎರಡು ದಿನ ಇದ್ದು ಬರುವವರು, ಅವರು ವರ್ಷಪೂರ್ತಿ ಅಲ್ಲೇ ಇರುವವರು.

ಮಲೆನಾಡಿನ ಕಡೆ ಬರಬೇಕು ಅಂತಿದೆ, ಆದರೆ ಮಂಗನ ಕಾಯಿಲೆ ಭಯ.

ಭಯ ಇರುವುದು ಒಳ್ಳೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು ಇದು, ಉಣ್ಣೆ ಹುಳ ಕಚ್ಚಿ ಬರುತ್ತದೆ. ಮಳೆ ನಿಂತ ಮೇಲೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ತುಂಬು ತೋಳು, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣ್ಣೆ ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು. ತರಗೆಲೆ ಮೇಲೆ ಕೂರಬೇಡಿ. ವಾಪಸು ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸ್ವಯಂಸೇವಕರು ಮಾಡಬಹುದಾದ ದೊಡ್ಡ ಉಪಕಾರ ಅದು, ಯಾಕೆಂದರೆ ಕಾಯಿಲೆ ಆ ಸುತ್ತಿನಲ್ಲಿ ಶುರುವಾಗಿದೆ ಅನ್ನುವುದಕ್ಕೆ ಸತ್ತ ಮಂಗವೇ ಎಷ್ಟೋ ಸಲ ಮೊದಲ ಸೂಚನೆ. ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಇಂಬಳದ ಬಗ್ಗೆಯೂ ಕೇಳುತ್ತಾರೆ. ಅದು ಬರೀ ರಕ್ತ ಕುಡಿದು ಬಿದ್ದು ಹೋಗುತ್ತದೆ.

ಹಾವು ಹಿಡಿಯೋದು ಕಲಿಸ್ತೀರಾ?

ಇಲ್ಲ. ಹಾವುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಸುಮ್ನೆ ಯಾರು ಬೇಕಾದರೂ ಹಿಡಿಯುವ ಹಾಗಿಲ್ಲ. ಕೊಳಕುಮಂಡಲದ ಜೊತೆ ಕೈತಪ್ಪಿದರೆ ಎರಡನೇ ಅವಕಾಶ ಇರುವುದಿಲ್ಲ. ಹಾವಿನ ಬಗ್ಗೆ ನಿಜಕ್ಕೂ ಆಸಕ್ತಿ ಇದ್ದರೆ ಊರಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಯಾವುದು, ಕೇರೆ ಹಾವು ಯಾವುದು ಅಂತ ಜನಕ್ಕೆ ತೋರಿಸಿಕೊಡುವ ಕೆಲಸ ಮಾಡಿ. ಕಚ್ಚಿದರೆ ನೇರ ಆಸ್ಪತ್ರೆಗೆ ಅನ್ನುವುದನ್ನು ಹೇಳುತ್ತಿರಿ. ಅದರಿಂದ ಹಾವೂ ಉಳಿಯುತ್ತದೆ, ಮನುಷ್ಯರೂ ಉಳಿಯುತ್ತಾರೆ.

ಹಕ್ಕಿ ಮರಿ ಕೆಳಗೆ ಬಿದ್ದಿತ್ತು, ಮನೆಗೆ ತಂದಿದ್ದೀನಿ. ಏನು ಕೊಡಲಿ ತಿನ್ನೋಕೆ?

ಏನೂ ಕೊಡಬೇಡಿ, ಬಾಯಿಗೆ ನೀರು ಬಿಡಬೇಡಿ. ಗರಿ ಬಂದ ಮರಿ ಹಾರಲು ಕಲಿಯುವಾಗ ನೆಲಕ್ಕೆ ಬರುವುದು ಸಹಜ, ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಸಿಕ್ಕ ಜಾಗದಲ್ಲೇ, ಬೆಕ್ಕಿಗೆ ಸಿಗದ ಒಂದು ಪೊದೆ ಮೇಲೆ ಇಟ್ಟು ದೂರ ನಿಂತು ನೋಡಿ. ಗಾಯ ಆಗಿದ್ದರೆ ರಟ್ಟಿನ ಡಬ್ಬಿಗೆ ತೂತು ಮಾಡಿ, ಕತ್ತಲೆಯಲ್ಲಿ ಇಟ್ಟು, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಪ್ರೀತಿಯಿಂದಲೇ ಆದರೂ ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ, ಗಿಳಿಗೂ ಇದೇ ಮಾತು.

ಗೂಡಿನ ಫೋಟೊ ಸಿಕ್ಕಿದೆ, ಜಾಗದ ಸಮೇತ ಹಾಕಬಹುದಾ?

ದಯವಿಟ್ಟು ಬೇಡ. ಒಂದು ಗೂಡಿನ ಜಾಗ ಗೊತ್ತಾದರೆ ಒಂದೇ ವಾರದಲ್ಲಿ ಮೂವತ್ತು ಕ್ಯಾಮೆರಾ ಬರುತ್ತವೆ, ಎಲೆ ಸರಿಸುತ್ತಾರೆ, ತಾಯಿ ಬಿಟ್ಟು ಹೋಗುತ್ತದೆ. ಗಿಡ, ಪ್ರಾಣಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗ ತಾನಾಗಿಯೇ ಮಸುಕಾಗುತ್ತದೆ. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಥರದ ತೀರಾ ಅಪರೂಪದ ಹಕ್ಕಿಗೆ ಈಬರ್ಡ್ ಕೂಡ ಹೀಗೆ ಮರೆಮಾಡುತ್ತದೆ. ಆದರೆ ನೀವು ವಾಟ್ಸಾಪಿನಲ್ಲಿ ಕಳಿಸಿದ ಲೊಕೇಶನ್ನನ್ನು ಯಾರೂ ಮಸುಕು ಮಾಡುವುದಿಲ್ಲ.

ರಾತ್ರಿ ಕಾಡುಪಾಪ ನೋಡಲು ಹೋಗುವವರಿಗೂ ಒಂದು ಮಾತು. ಟಾರ್ಚಿಗೆ ಕೆಂಪು ಗಾಜಿನ ಕಾಗದ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ. ಕೆಂಪು ಬೆಳಕಿನಲ್ಲೂ ಅದರ ಕಣ್ಣು ಎರಡು ಕೆಂಡದ ಹಾಗೆ ಹೊಳೆಯುತ್ತದೆ. ಬಿಳಿ ಬೆಳಕು ಬಿಟ್ಟರೆ ಅಷ್ಟು ದೊಡ್ಡ ಕಣ್ಣಿಗೆ ಎಷ್ಟು ಹಿಂಸೆ ಯೋಚನೆ ಮಾಡಿ.

## ಸ್ವಲ್ಪ ಪಳಗಿದವರಿಗೆ

ಲೈನ್ ಟ್ರಾನ್ಸೆಕ್ಟ್ ಅಂತಾರಲ್ಲ, ಸುಮ್ಮನೆ ನಡೆದು ಎಣಿಸೋದಲ್ವಾ?

ಸುಮ್ಮನೆ ನಡೆದರೆ ಹತ್ತಿರದ ಜಿಂಕೆ ಎಲ್ಲ ಕಾಣುತ್ತದೆ, ದೂರದ್ದು ಅರ್ಧ ತಪ್ಪುತ್ತದೆ. ಎಷ್ಟು ತಪ್ಪಿತು ಅನ್ನುವುದನ್ನು ಲೆಕ್ಕ ಹಾಕುವುದೇ ಈ ವಿಧಾನದ ಜೀವಾಳ. ಕಾಡಿನಲ್ಲಿ ಎರಡು ಮೂರು ಕಿಲೋಮೀಟರಿನ ನೇರ ಗೆರೆ ಮೊದಲೇ ಕಡಿದಿರುತ್ತಾರೆ. ಬೆಳಕು ಹರಿಯುವಾಗ ಇಬ್ಬರು ನಿಧಾನವಾಗಿ, ಮಾತಿಲ್ಲದೆ ನಡೆಯುತ್ತಾರೆ. ಗುಂಪು ಕಂಡ ಕೂಡಲೇ ಯಾವ ಪ್ರಾಣಿ, ಎಷ್ಟು, ದಿಕ್ಸೂಚಿಯಲ್ಲಿ ಯಾವ ಕೋನ, ರೇಂಜ್‌ಫೈಂಡರಿನಲ್ಲಿ ಎಷ್ಟು ಮೀಟರ್. ಈ ಕೋನ ಮತ್ತು ದೂರದಿಂದ ಗೆರೆಗೆ ಪ್ರಾಣಿ ಎಷ್ಟು ದೂರ ಇತ್ತು ಅಂತ ತಿಳಿಯುತ್ತದೆ. ದೂರ ಹೆಚ್ಚಾದ ಹಾಗೆ ಕಾಣುವುದು ಹೇಗೆ ಕಡಿಮೆಯಾಗುತ್ತದೆ ಅನ್ನುವುದರಿಂದ, ಕಾಣದೇ ಉಳಿದವು ಎಷ್ಟು ಅಂತ ಅಂದಾಜು ಮಾಡುತ್ತಾರೆ. ಆದ್ದರಿಂದ ಪ್ರಾಣಿ ನಿಮ್ಮನ್ನು ನೋಡಿ ಓಡಿದ ಮೇಲೆ ನಿಂತ ಜಾಗಕ್ಕಲ್ಲ, ಮೊದಲು ಇದ್ದ ಜಾಗಕ್ಕೆ ಅಳೆಯಬೇಕು. ಎಲ್ಲರೂ ಮಾಡುವ ತಪ್ಪು ಇದು, ನಾನೂ ಮಾಡಿದ್ದೇನೆ.

ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 1984ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರ ಕಾಲದಿಂದ ನಾಗರಹೊಳೆಯಲ್ಲಿ ಈ ಕೆಲಸಕ್ಕೆ ತರಬೇತಿ ಕೊಟ್ಟ ಸ್ವಯಂಸೇವಕರು ದೊಡ್ಡ ಬೆನ್ನೆಲುಬು.

ನಾನು ಹಾಕಿದ ದಾಖಲೆಗೆ ಪ್ರಶ್ನೆ ಎತ್ತಿದ್ದಾರೆ. ನಾನು ಸುಳ್ಳು ಹೇಳ್ತೀನಾ?

ಬೇಜಾರು ಮಾಡಿಕೊಳ್ಳಬೇಡಿ. ಆ ಜಿಲ್ಲೆಯಲ್ಲಿ, ಆ ತಿಂಗಳಲ್ಲಿ ಅಪರೂಪವಾದದ್ದು ಬಂದರೆ ಪರಿಶೀಲಿಸುವವರು ಎಲ್ಲರನ್ನೂ ಕೇಳುತ್ತಾರೆ, ಅವರೂ ನಮ್ಮ ಹಾಗೆ ಸ್ವಯಂಸೇವಕರೇ. ಏನು ನೋಡಿ ಗುರುತಿಸಿದಿರಿ, ಕೊಕ್ಕು ಹೇಗಿತ್ತು, ಬೆಳಕು ಹೇಗಿತ್ತು ಅಂತ ಬರೆಯಿರಿ. ಖಾತ್ರಿ ಇಲ್ಲದಿದ್ದರೆ ಗುಂಪಿನ ಹೆಸರು ಸಾಕು. ಯಾವುದೋ ಒಂದು ಸೆಳೆವ ಅಂತ ಬರೆಯುವುದು ತಪ್ಪು ಹೆಸರು ಬರೆಯುವುದಕ್ಕಿಂತ ನೂರು ಪಾಲು ಮೇಲು.

ಕಡಲಾಮೆ ಕೆಲಸಕ್ಕೆ ಬರಬೇಕು ಅಂತ ಬಹಳ ಆಸೆ.

ಹೊನ್ನಾವರ, ಕುಂದಾಪುರದ ಕಡೆಯ ಮರಳಿಗೆ ಚಳಿಗಾಲದಿಂದ ಬೇಸಿಗೆಯವರೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಅಲ್ಲಿ ಮೊದಲು ಗೂಡು ನೋಡುವವರು ಮೀನುಗಾರರು. ಅವರ ಜೊತೆ ಸ್ನೇಹ ಮಾಡಿಕೊಂಡು, ಇಲಾಖೆಯವರಿಗೆ ಹೇಳಿ, ರಾತ್ರಿ ಗಸ್ತಿಗೆ, ಗೂಡಿಗೆ ಬಲೆ ಹಾಕಿ ಕಾಯುವುದಕ್ಕೆ ಕೈಜೋಡಿಸಬಹುದು. ಮರಿಗಳು ಬೆಳಕು ಹೆಚ್ಚಿರುವ ಕಡೆ ಹೋಗುತ್ತವೆ. ಕತ್ತಲ ದಡದಲ್ಲಿ ಆ ಬೆಳಕು ಸಮುದ್ರದ್ದು. ರಸ್ತೆ ದೀಪ ಇದ್ದರೆ ಮರಿ ರಸ್ತೆಗೆ ಬರುತ್ತದೆ. ಹಾಗಾಗಿ ಸ್ವಯಂಸೇವಕರು ಮಾಡಬಹುದಾದ ಅತಿ ಒಳ್ಳೆಯ ಕೆಲಸ ಮನೆ ಮನೆಗೆ ಹೋಗಿ ಆ ಕೆಲವು ರಾತ್ರಿ ದೀಪ ಆರಿಸಿ ಅಂತ ಕೇಳುವುದು. ಆಮೆ ಮುಟ್ಟುವುದು, ಮರಿ ಹಿಡಿದು ಸೆಲ್ಫಿ ತೆಗೆಯುವುದು ಇದ್ದರೆ ಬರಬೇಡಿ.

ನಾನು ಅಮೆರಿಕದಲ್ಲಿದ್ದೀನಿ, ರಜಕ್ಕೆ ಮಾತ್ರ ಊರಿಗೆ ಬರೋದು.

ಅಲ್ಲೂ ಮಾಡಿ, ಇಲ್ಲೂ ಮಾಡಿ. ಅಲ್ಲಿ 1900ರಿಂದ ಕ್ರಿಸ್‌ಮಸ್ ಹಕ್ಕಿ ಎಣಿಕೆ ನಡೆಯುತ್ತಿದೆ, ಹೊಸಬರನ್ನು ಸೇರಿಸಿಕೊಳ್ಳುತ್ತಾರೆ. ಊರಿಗೆ ಬಂದಾಗ ಪ್ರತಿ ಸಲ ಅದೇ ಗದ್ದೆ ಬಯಲಲ್ಲಿ ಒಂದು ಗಂಟೆ. ಹತ್ತು ವರ್ಷದ ಡಿಸೆಂಬರ್‌ಗಳು ಸೇರಿದರೆ ಅದೇ ಒಂದು ಸರಣಿ.

ಇಷ್ಟೆಲ್ಲಾ ಎಣಿಸಿದ್ದರಿಂದ ನಿಜವಾಗಿ ಏನಾದರೂ ಬದಲಾಗಿದೆಯಾ?

ರಣಹದ್ದಿನ ಕತೆ ನೋಡಿ. 1990ರ ದಶಕದಲ್ಲಿ ರಾಜಸ್ಥಾನದ ಕೇವಲಾದೇವ್‌ನಲ್ಲಿ ಗೂಡು ಎಣಿಸುತ್ತಿದ್ದರು. ಸಂಖ್ಯೆ ದಿಢೀರ್ ಬಿದ್ದಾಗ, ಹಿಂದಿನ ಲೆಕ್ಕ ಕೈಯಲ್ಲಿದ್ದುದರಿಂದಲೇ ಎಷ್ಟು ಬಿತ್ತು ಅಂತ ಹೇಳಲು ಆಯಿತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದುಗಳನ್ನು ಕೊಲ್ಲುತ್ತಿದೆ ಅಂತ ಗೊತ್ತಾಗಿ 2006ರಲ್ಲಿ ಅದನ್ನು ದನಗಳಿಗೆ ಕೊಡುವುದಕ್ಕೆ ನಿಷೇಧ ಬಂತು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮ ಆಯಿತು. ಇನ್ನೊಂದು, ನಮ್ಮ ರಾಜ್ಯ ಪಕ್ಷಿ ನೀಲಕಂಠ. ಕರೆಂಟ್ ತಂತಿ ಮೇಲೆ ದಿನಾ ಕಾಣುತ್ತದೆ, ಇದಕ್ಕೇನು ಕಮ್ಮಿ ಅಂತ ಎಲ್ಲರೂ ಅಂದುಕೊಂಡಿದ್ದರು. 2023ರ ವರದಿ ಅದು ದೇಶದಲ್ಲಿ ಗಣನೀಯವಾಗಿ ಇಳಿದಿದೆ ಅಂತ ತೋರಿಸಿತು, ಅದರ ಅಪಾಯದ ದರ್ಜೆಯನ್ನು ಮತ್ತೆ ಪರಿಶೀಲಿಸಿ ಅಂತ ಹೇಳಿತು. ಸಾಮಾನ್ಯ ಹಕ್ಕಿ ಅಂತ ಬರೆಯದೆ ಬಿಟ್ಟಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಕೆರೆ ಐದು ವರ್ಷದಿಂದ ನೋಡ್ತಿದ್ದೀನಿ. ಈಗ ಒತ್ತುವರಿ ಶುರುವಾಗಿದೆ. ಈ ಲೆಕ್ಕ ಇಟ್ಟುಕೊಂಡು ಏನು ಮಾಡಲಿ?

ಹೊಟ್ಟೆ ಉರಿಯುತ್ತದೆ, ಗೊತ್ತು. ಐದು ವರ್ಷದ ಲೆಕ್ಕ ಇದೆ ಅಂದರೆ ನಿಮ್ಮ ಕೈಯಲ್ಲಿ ಬಹಳ ಇದೆ. ಮೊದಲು ಅದನ್ನು ಒಂದು ಪುಟಕ್ಕೆ ಇಳಿಸಿ: ಒಟ್ಟು ಎಷ್ಟು ಜಾತಿ, ಯಾವ ತಿಂಗಳು ಎಷ್ಟು, ವಲಸೆ ಹಕ್ಕಿ ಯಾವುವು, ಯಾವ ಮೂಲೆಯಲ್ಲಿ ಗೂಡು ಕಟ್ಟುತ್ತವೆ. ಕೆರೆಯ ಒಂದು ಕೈಚಿತ್ರ ಬರೆದು ಆ ಮೂಲೆಗಳನ್ನು ಗುರುತು ಮಾಡಿ. ಕನ್ನಡದಲ್ಲೇ ಬರೆಯಿರಿ, ಯಾಕೆಂದರೆ ಓದಬೇಕಾದವರು ಪಂಚಾಯ್ತಿಯವರು.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವವೈವಿಧ್ಯದ ದಾಖಲಾತಿ ಪುಸ್ತಕ ಇರಬೇಕು. ನಿಮ್ಮೂರಿನದ್ದನ್ನು ತೋರಿಸಿ ಅಂತ ಕೇಳಿ. ಕೆರೆಯ ಹಕ್ಕಿಗಳು ಅದರಲ್ಲಿ ಇಲ್ಲದಿದ್ದರೆ ನಿಮ್ಮ ಪಟ್ಟಿಯನ್ನು ಸೇರಿಸಲು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ವಲಯ ಅರಣ್ಯಾಧಿಕಾರಿಗೆ, ಒಂದು ಕರ್ನಾಟಕ ಜೀವವೈವಿಧ್ಯ ಮಂಡಳಿಗೆ. ಸರ್ವೆ ಮಾಡಿಸಿ ಗಡಿ ಗುರುತಿಸಿ ಅಂತ ಬೇರೆ ಅರ್ಜಿ. ಒಬ್ಬರೇ ಹೋಗಬೇಡಿ. ಎಮ್ಮೆ ಮೇಯಿಸುವವರು, ಮೀನು ಹಿಡಿಯುವವರು, ಕೆಳಗಿನ ಗದ್ದೆಯವರು, ಇವರಿಗೆಲ್ಲ ಆ ನೀರು ಬೇಕು. ಅವರನ್ನು ಕರೆದುಕೊಂಡು ಗ್ರಾಮಸಭೆಗೆ ಹೋಗಿ. ಮತ್ತೆ, ಈ ಓಡಾಟದಲ್ಲಿ ಮುಂದಿನ ಭಾನುವಾರದ ಎಣಿಕೆ ತಪ್ಪಿಸಬೇಡಿ.